ಒಂದು ಅಕ್ಷರದ ನೆಂಟರು

ಬೆಟಗೇರಿ
ಗಾಳಿ ತಿಂಗಳ ಕೊನೆಯ ಸೋಮವಾರ, ಎರಡು ಸಾವಿರದ ನೂರ ಅರವತ್ತಮೂರನೆಯ ಇಸವಿ

ನನ್ನ ಮುತ್ತಜ್ಜಿಯ ತಾಯಿ ದಾನೇಶ್ವರಿಯವರಿಗೆ, ನಿಮ್ಮ ಮಗಳ ಮರಿಮಗಳು ಮಹಾನಂದಾ ಮಾಡುವ ಶರಣು.

ಮೇಲಿನ ತೇದಿ ಓದಿ ಯಾರೋ ಹುಡುಗಾಟ ಮಾಡಿದ್ದಾರೆ ಎಂದುಕೊಳ್ಳಬೇಡಿ. ಹಿಂದಕ್ಕೆ ಹೋಗುವ ಅಂಚೆ ನಮ್ಮ ಕಾಲದಲ್ಲೂ ಹುಟ್ಟಿಲ್ಲ, ಅದು ನನಗೆ ಗೊತ್ತು. ಆದರೆ ನಮ್ಮಲ್ಲಿ ಹಿಂದೋಲೆ ಬರೆಯುವ ರೂಢಿ ಬಂದಿದೆ. ವರ್ಷಕ್ಕೊಮ್ಮೆ, ಗಾಳಿ ಜೋರಾಗಿ ಬೀಸುವ ಈ ತಿಂಗಳು ಮುಗಿಯುವ ಹೊತ್ತಿಗೆ, ಮನೆಯ ಯಾರಾದರೊಬ್ಬರು ಹಿಂದೆ ಆಗಿಹೋದವರಿಗೆ ಒಂದು ಕಾಗದ ಬರೆದು ಎಲ್ಲರೂ ಉಣ್ಣಲು ಕೂತಾಗ ಓದಿ ಹೇಳುತ್ತಾರೆ. ಈ ವರ್ಷ ಸರದಿ ನನ್ನದು. ಅಜ್ಜಿಯರನ್ನು ನಮ್ಮ ಕಡೆ ಈಗಲೂ ‘ನೀ’ ಎಂದೇ ಮಾತಾಡಿಸುವುದು. ಆದರೆ ನಿಮ್ಮನ್ನು ನಾನು ಕಂಡವಳಲ್ಲ. ಅದೂ ಅಲ್ಲದೆ, ರಕ್ತಪರೀಕ್ಷೆಯ ಫಲ ಕೈಗೆ ಬಂದ ವರ್ಷದ ದಾನೇಶ್ವರಿಯವರಿಗೆ ನಾನು ಬರೆಯುತ್ತಿರುವುದು. ಆ ನೀವು ನನಗಿಂತ ಹದಿನೈದು ವರ್ಷ ಸಣ್ಣವರು. ಏನೆಂದು ಕರೆಯಬೇಕೋ ತಿಳಿಯದೆ ‘ನೀವು’ ಎಂದಿದ್ದೇನೆ. ನಮ್ಮ ಕೆಲವು ಶಬ್ದಗಳು ನಿಮ್ಮ ಕಿವಿಗೆ ಹೊಸವಾಗಿ ಕೇಳಿಸಿದರೆ ಸೈರಿಸಿಕೊಳ್ಳಿ. ಬಂದ ಬಂದಲ್ಲಿ ಅರ್ಥ ಹೇಳುತ್ತ ಹೋಗುತ್ತೇನೆ.

ಬೆಟಗೇರಿ ಇನ್ನೂ ಇದೆ. ನೀವು ಗಣಿತ ಕಲಿಸುತ್ತಿದ್ದ ಸಾಲೆಯ ಜಾಗದಲ್ಲಿ ಈಗ ನಮ್ಮ ಓಣಿಯ ಒಲೆಮನೆ ಇದೆ. ಒಲೆಮನೆ ಎಂದರೆ ಇಡೀ ಓಣಿಗೆ ಸೇರಿದ ಅಡಿಗೆಮನೆ. ಬೇಸಿಗೆ ನಿಮ್ಮ ಕಾಲಕ್ಕಿಂತ ಬಹಳ ಕಡು. ಮನೆಮನೆಯಲ್ಲಿ ಒಲೆ ಹಚ್ಚಿದರೆ ಒಳಗೆ ಕೂರಲು ಆಗುವುದಿಲ್ಲ, ಆದ್ದರಿಂದ ಎಲ್ಲರ ರೊಟ್ಟಿಯೂ ಒಂದೇ ಕಡೆ ಬೇಯುತ್ತದೆ. ನಾನು ಅಲ್ಲಿ ಹಿರಿಯಳು. ಬಡಿಯಲು ಯಂತ್ರವಿದೆ, ಆದರೆ ಹಿಟ್ಟು ನಾದುವುದು ಕೈಯಿಂದಲೇ ಆಗಬೇಕೆಂದು ಓಣಿಯವರು ಹಟ ಹಿಡಿದಿದ್ದಾರೆ. ಜನ ನಸುಕಿನಲ್ಲಿ ಎದ್ದು ಕೆಲಸ ಮುಗಿಸುತ್ತಾರೆ, ನಡುಮಧ್ಯಾಹ್ನ ಊರೇ ಮಲಗುತ್ತದೆ, ಸಂಜೆ ಮತ್ತೆ ಅಂಗಡಿಗಳು ತೆರೆಯುತ್ತವೆ. ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಎಷ್ಟು ಹಾಕಬೇಕೆಂಬ ಜಗಳ ಇನ್ನೂ ಬಗೆಹರಿದಿಲ್ಲ. ಕಪ್ಪತಗುಡ್ಡದ ಸಾಲಿನಲ್ಲಿ ನೀವು ಕಂಡ ಗಾಳಿಯಂತ್ರಗಳ ಬದಲು ಅವುಗಳ ಮೂರು ಪಟ್ಟು ಎತ್ತರದ ಗಾಳಿಗಂಬಗಳು ನಿಂತಿವೆ. ಅವನ್ನು ಹತ್ತಿ ರೆಕ್ಕೆ ನೋಡಿಕೊಳ್ಳುವವರಿಗೆ ಏರುಗಾರರು ಎನ್ನುತ್ತೇವೆ. ನನ್ನ ತಮ್ಮ ರಾಚೋಟಿ ಏರುಗಾರ. ಹದಿನೆಂಟಕ್ಕೆ ಹತ್ತಲು ಸುರು ಮಾಡಿದವನು, ಐವತ್ತರ ಹತ್ತಿರ ಬಂದರೂ ಇಳಿಯುವ ಮಾತು ಆಡಿರಲಿಲ್ಲ. ಮೇಲೆ ಹೋದರೆ ಮಲಪ್ರಭೆಯ ಗೆರೆ ಕಾಣುತ್ತದೆ ಎನ್ನುತ್ತಿದ್ದ. ನಾನು ಒಮ್ಮೆಯೂ ಹತ್ತಿಲ್ಲ.

ನಿಮ್ಮ ರೋಗದ ವಿಷಯಕ್ಕೆ ಬರುತ್ತೇನೆ. ನಿಮಗೆ ಡಾಕ್ಟರು ಅವಸರದಲ್ಲಿ ಹೇಳಿರಬಹುದು, ನಮ್ಮಲ್ಲಿ ಅದನ್ನು ಮಕ್ಕಳಿಗೆ ಕಥೆಯ ಹಾಗೆ ಹೇಳುತ್ತಾರೆ. ಮೈಯ ಒಂದೊಂದು ಕಣವೂ ತನಗೆ ಉಸಿರು ಸಾಲುತ್ತಿದೆಯೋ ಇಲ್ಲವೋ ಎಂದು ನೋಡಿಕೊಳ್ಳುತ್ತಿರುತ್ತದೆ. ಸಾಲದಿದ್ದರೆ ಒಳಗೊಂದು ಕೂಗು ಏಳುತ್ತದೆ: ಹೊಸ ರಕ್ತನಾಳ ಬೇಕು, ಕೆಂಪುಕಣ ಬೇಕು, ಬೆಳೆಯಬೇಕು. ಉಸಿರು ಸರಿಯಾಗಿದ್ದಾಗ ಆ ಕೂಗನ್ನು ಅಡಗಿಸುವುದು ಮೂರನೆಯ ವರ್ಣತಂತುವಿನಲ್ಲಿರುವ ವಿಎಚ್‌ಎಲ್ ಎಂಬ ಜೀನಿನ ಕೆಲಸ. ಅದರ ಒಂದು ಪ್ರತಿ ತಾಯಿಯದು, ಒಂದು ತಂದೆಯದು. ನಿಮ್ಮ ತಂದೆಗೆ, ನಿಮಗೆ, ನಮ್ಮಲ್ಲಿ ಅರ್ಧದಷ್ಟು ಜನಕ್ಕೆ, ಹುಟ್ಟುವಾಗಲೇ ಒಂದು ಪ್ರತಿಯಲ್ಲಿ ಒಂದು ಅಕ್ಷರ ತಪ್ಪು. ಉಳಿದ ಒಂದು ಪ್ರತಿ ಕೆಲಸ ನಡೆಸುತ್ತದೆ. ಮುಂದೆ ಎಂದೋ ಕಿಡ್ನಿಯ ಯಾವುದೋ ಒಂದು ಕಣದಲ್ಲಿ ಅದೂ ಕೆಟ್ಟರೆ, ಉಸಿರಿದ್ದರೂ ಆ ಕಣ ಉಸಿರಿಲ್ಲವೆಂದು ಕೂಗುತ್ತಲೇ ಇರುತ್ತದೆ. ರಕ್ತ ಎಳೆದುಕೊಳ್ಳುತ್ತದೆ, ಗಂಟಾಗುತ್ತದೆ. ಕಿಡ್ನಿ ಕ್ಯಾನ್ಸರ್ ಆದ ಹೆಚ್ಚಿನವರಿಗೆ ಇದು ವಂಶದಿಂದ ಬಂದುದಲ್ಲ, ಬದುಕಿನ ದಾರಿಯಲ್ಲಿ ಆದದ್ದು. ನಮ್ಮವರಿಗೆ ಮಾತ್ರ ಅರ್ಧ ದಾರಿ ಹುಟ್ಟುವಾಗಲೇ ಸವೆದಿರುತ್ತದೆ. ಇದರಲ್ಲಿ ನೀವು ತಿಂದದ್ದು, ಕುಡಿದದ್ದು, ಮಾಡಿದ ಪಾಪ ಯಾವುದೂ ಇಲ್ಲ. ನಿಮ್ಮ ನೆರೆಯವರು ಏನಾದರೂ ಅಂದಿದ್ದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಈ ಅಕ್ಷರವನ್ನು ಇಷ್ಟು ಹೊತ್ತಿಗೆ ತಿದ್ದಿಬಿಟ್ಟಿರಬಹುದೆಂದು ನೀವು ಆಸೆಪಟ್ಟರೆ ಅದು ಸಹಜ. ಕಣ್ಣಿನಲ್ಲಿ ತಿದ್ದುತ್ತಾರೆ, ರಕ್ತದಲ್ಲಿ ತಿದ್ದುತ್ತಾರೆ. ಕಿಡ್ನಿಯ ಎಲ್ಲ ಕಣಗಳನ್ನೂ ಮುಟ್ಟಿ ತಿದ್ದುವುದು ಇನ್ನೂ ಕೈಗೂಡಿಲ್ಲ. ಗರ್ಭ ಕಟ್ಟುವ ಮೊದಲೇ ತಪ್ಪಿಲ್ಲದ ಕೂಸನ್ನು ಆರಿಸುವ ದಾರಿ ನಿಮ್ಮ ಕಾಲದಲ್ಲೇ ಇತ್ತು, ಈಗ ಇನ್ನೂ ಸುಲಭ. ನಮ್ಮ ತಾಯಿ ಒಪ್ಪಲಿಲ್ಲ. ಅವಳಲ್ಲೂ ಆ ತಪ್ಪಿತ್ತು. “ನಮ್ಮವ್ವ ಹಂಗ ಆರಿಸಿದ್ರ ನಾ ಎಲ್ಲಿರ್ತಿದ್ದೆ? ಬಂದವ್ರು ಬರಲಿ, ನೋಡ್ಕೊಂಡ್ರಾತು,” ಎಂದಳಂತೆ. ಬೇರೆಯವರು ಬೇರೆ ರೀತಿ ಯೋಚಿಸುತ್ತಾರೆ, ಅವರೂ ತಪ್ಪಲ್ಲ. ತಾಯಿ ನೋಡಿಕೊಂಡಳು, ತನ್ನನ್ನೂ ನಮ್ಮನ್ನೂ. ವರ್ಷ ತಪ್ಪದೆ ಸ್ಕ್ಯಾನು, ಇದೇ ಕೂಗು ಕಣ್ಣಿನಲ್ಲೂ ಏಳಬಹುದಾದ್ದರಿಂದ ಕಣ್ಣಿನ ಪರೀಕ್ಷೆ, ಬೆಳೆದ ಗಂಟನ್ನಷ್ಟೇ ತೆಗೆದು ಕಿಡ್ನಿ ಉಳಿಸುವ ಚಿಕಿತ್ಸೆ. ಎಂಬತ್ತು ದಾಟಿ, ಓಣಿಯ ಮಕ್ಕಳಿಗೆ ಬೈಯುತ್ತ ಬೈಯುತ್ತ ಬದುಕಿ ಹೋದಳು. ನೀವು ಎಷ್ಟು ವರ್ಷ ಬದುಕಿದಿರಿ ಎಂದು ನನಗೆ ಗೊತ್ತು, ಹೇಳುವುದಿಲ್ಲ.

ನಮ್ಮಿಬ್ಬರಿಗೂ ಐದು ವರ್ಷ ತುಂಬಿದಾಗ ಪರೀಕ್ಷೆ ಆಯಿತು. ನನಗೆ ಇಲ್ಲ, ರಾಚೋಟಿಗೆ ಇದೆ. ವರ್ಷಕ್ಕೊಮ್ಮೆ ಅವ್ವ ಅವನ ಕೈ ಹಿಡಿದು ಹುಬ್ಬಳ್ಳಿಗೆ ಹೊರಟಾಗ ನಾನೂ ಬರುತ್ತೇನೆಂದು ಅಳುತ್ತಿದ್ದೆ. ಅಲ್ಲಿಂದ ಬರುವಾಗ ಅವನಿಗೆ ಪೇಡೆ ಸಿಗುತ್ತಿತ್ತು, ನನ್ನ ಹೊಟ್ಟೆಕಿಚ್ಚು ಅಷ್ಟೇ. ತಿಳಿವಳಿಕೆ ಬಂದ ಮೇಲೆ ಆ ಹೊಟ್ಟೆಕಿಚ್ಚಿನ ಜಾಗದಲ್ಲಿ ಮತ್ತೊಂದು ಬಂದು ಕೂತಿತು. ಅದಕ್ಕೆ ಏನು ಹೆಸರೋ ಕಾಣೆ. ಪಾರಾದವರ ಸಂಕೋಚ ಎನ್ನಬಹುದೇನೋ. ಅವನಿಗೆ ಒಂದು ಸೀನು ಬಂದರೂ ಶುಂಠಿ ಕಷಾಯ ಹಿಡಿದು ನಿಲ್ಲುತ್ತಿದ್ದೆ.

ಹೋದ ವರ್ಷ ಮಳೆ ನಿಂತ ಮೇಲೆ ಅವನ ಸ್ಕ್ಯಾನಿಗೆ ನಾನೇ ಜೊತೆಗೆ ಹೋದೆ. ಡಾಕ್ಟರ್ ಜುಲೇಖಾ ನಮ್ಮ ಮನೆಯವರನ್ನು ಎರಡು ತಲೆಮಾರಿನಿಂದ ಬಲ್ಲವರು. ಅವರು ಚಿತ್ರ ತೋರಿಸುತ್ತ ಮುಚ್ಚುಮರೆಯಿಲ್ಲದೆ ಹೇಳಿದರು.

“ರಾಚೋಟಿ ಅವ್ರ, ಬಲಗಡಿದ ಸ್ವಚ್ಛ ಐತಿ. ಎಡಗಡಿ ಕಿಡ್ನ್ಯಾಗ ಗಂಟ ಹೆಚ್ಚಾಗ್ಯಾವು. ಒಂದು ಮೂರು ಸೆಂಟಿಮೀಟರ್ ದಾಟೇತಿ. ಅದನ್ನ ಹಿಮಸೂಜಿ ಚುಚ್ಚಿ ಸಾಯಿಸೂಣು. ಉಳದ ಸಣ್ಣವು ಬೆಳಿಬಾರದು, ಅದಕ್ಕ ಬೀಗಗುಳಿಗಿ ಸುರು ಮಾಡ್ರಿ.”

ಹಿಮಸೂಜಿ ಎಂದರೆ ಗಂಟಿನೊಳಗೆ ತೂರಿ ಅದನ್ನು ಹೆಪ್ಪುಗಟ್ಟಿಸಿ ಕೊಲ್ಲುವ ಸೂಜಿ, ನಿಮ್ಮ ಕಾಲದಲ್ಲೂ ಇತ್ತೆಂದು ಕೇಳಿದ್ದೇನೆ. ಬೀಗಗುಳಿಗೆ ಎಂದು ನಾವು ಕರೆಯುವುದು ಆ ಸುಳ್ಳು ಕೂಗಿಗೇ ಬೀಗ ಹಾಕುವ ಔಷಧಿಯನ್ನು. ಹಳೆಯ ಗುಳಿಗೆಗಳು ಕೂಗು ಕೇಳಿ ಬಂದ ರಕ್ತನಾಳಗಳನ್ನು ತಡೆಯುತ್ತಿದ್ದವು. ಇದು ಕೂಗುವ ಬಾಯಿಯನ್ನೇ ಹಿಡಿಯುತ್ತದೆ. ಇದರ ಮೊದಲ ಪೀಳಿಗೆಯ ಗುಳಿಗೆ ನಿಮ್ಮ ದಿನಗಳಲ್ಲೇ ಹೊರಗೆ ಬಂದಿತ್ತು, ಆದರೆ ಬೆಟಗೇರಿಯ ತನಕ ಬಂದಿರಲಿಲ್ಲವೇನೋ. ಅದಕ್ಕೊಂದು ದೋಷವಿದೆ, ಅದು ಈಗಲೂ ಹೋಗಿಲ್ಲ. ಕೆಂಪುಕಣ ಮಾಡಲು ಮೈಗೆ ಹೇಳುವುದೂ ಅದೇ ಕೂಗು. ಬಾಯಿ ಕಟ್ಟಿದರೆ ರಕ್ತ ತೆಳುವಾಗುತ್ತದೆ, ಮೈಗೆ ಉಸಿರು ಕಡಿಮೆ ಬೀಳುತ್ತದೆ.

“ಗುಳಿಗಿ ತಗೊಂಡು ಕಂಬ ಹತ್ತಬಹುದೇನ್ರಿ?” ಎಂದು ರಾಚೋಟಿ ಕೇಳಿದ.

“ಇಲ್ರಿ. ಮ್ಯಾಲ ಹೋದಾಗ ತಲಿ ತಿರುಗಿದ್ರ ಹಿಡಿಯಾವ್ರು ಯಾರು?”

“ಹಂಗಾರ ಸೂಜಿ ಅಷ್ಟ ಹಾಕ್ರಿ. ಗುಳಿಗಿ ಒಲ್ಲೆ.”

ಮನೆಗೆ ಬರುವ ದಾರಿಯಲ್ಲಿ ನಾನು ಬಾಯಿ ಮುಚ್ಚಿಕೊಂಡಿರಲಿಲ್ಲ. ಕಂಬ ದೊಡ್ಡದೋ ಜೀವ ದೊಡ್ಡದೋ ಎಂದೆ. ಹೆಂಡತಿ ಇಲ್ಲದವನು, ನಿನಗೇನಾದರೂ ಆದರೆ ನನಗೆ ಯಾರಿದ್ದಾರೆ ಎಂದೆ. ಅವನು ಕಿಟಕಿಯ ಹೊರಗೆ ನೋಡುತ್ತಿದ್ದವನು ತಿರುಗಿ, ಕೋಪವಿಲ್ಲದ ದನಿಯಲ್ಲೇ, “ಅಕ್ಕಾ, ನಿನ್ನ ಮೈಯಾಗ ಅದಿಲ್ಲ. ನಿನಗ ಹೆಂಗ ತಿಳೀಬೇಕು?” ಎಂದ. ಮರುದಿನ ಒಲೆಮನೆಯಲ್ಲಿ ಹಿಟ್ಟು ನಾದುತ್ತ ನಾನು ಅತ್ತದ್ದನ್ನು ಓಣಿಯವರೆಲ್ಲ ನೋಡಿದರು, ಒಬ್ಬರೂ ಏನೂ ಕೇಳಲಿಲ್ಲ. ನಮ್ಮ ಓಣಿಯವರು ಒಳ್ಳೆಯವರು.

ಸೂಜಿಗೆಂದು ಅವನನ್ನು ಹುಬ್ಬಳ್ಳಿಯಲ್ಲಿ ಕೆಲವು ದಿನ ಇಟ್ಟುಕೊಂಡರು. ಅವನ ಪಕ್ಕದ ಹಾಸಿಗೆಯಲ್ಲಿ ಪ್ರಭುಲಿಂಗ ಎಂಬವರಿದ್ದರು. ವಿಜಯಪುರದ ಆಚೆ ಇಂಡಿ ಎಂಬ ಊರಿನವರು, ನಿಂಬೆಯ ಸಸಿ ಬೆಳೆಸಿ ಮಾರುವವರು, ರಾಚೋಟಿಗಿಂತ ಎರಡು ಮೂರು ವರ್ಷ ಸಣ್ಣವರು. ಬೆನ್ನು ನೋವೆಂದು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು, ಮೂತ್ರದಲ್ಲಿ ರಕ್ತ ಕಂಡ ಮೇಲೆ ಬಂದಿದ್ದರು. ಅಷ್ಟರಲ್ಲಿ ಅದು ಎಲುಬಿಗೂ ಪುಪ್ಪುಸಕ್ಕೂ ಹೋಗಿತ್ತು. ಗುಳಿಗೆ ಕೊಟ್ಟರು, ಮೈಯ ಕಾವಲು ಕಣಗಳನ್ನು ಎಬ್ಬಿಸುವ ಹನಿಮದ್ದು ಏರಿಸಿದರು. ಸ್ವಲ್ಪ ದಿನ ಎಲ್ಲ ಕುಗ್ಗಿತು, ಮತ್ತೆ ಬೆಳೆಯಿತು. ನೋವಿನ ನಡುವೆಯೂ ಅವರಿಗೆ ಹರಟೆ ಬೇಕು. ನಾನು ಒಯ್ದ ರೊಟ್ಟಿ ಬುತ್ತಿಯಲ್ಲಿ ಅವರಿಗೂ ಪಾಲು ಇರುತ್ತಿತ್ತು. ರೊಟ್ಟಿ ಚಲೋ ಇದೆ, ಉಪ್ಪಿನಕಾಯಿ ಮಾತ್ರ ಇಂಡಿಯವರ ಕೈಯಲ್ಲೇ ಆಗಬೇಕು ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಡಾಕ್ಟರ್ ಜುಲೇಖಾ ಬಂದು ಇಬ್ಬರನ್ನೂ ಬೇರೆ ಬೇರೆ ಕೇಳಿ, ಇಬ್ಬರ ಒಪ್ಪಿಗೆ ಪಡೆದು, ಆಮೇಲೆ ನಡುವಿನ ಪರದೆ ಸರಿಸಿ ಕುರ್ಚಿ ಹಾಕಿಕೊಂಡು ಕೂತರು. ವಿಎಚ್‌ಎಲ್ ಒಂದೊಂದು ಮನೆತನದಲ್ಲಿ ಒಂದೊಂದು ರೀತಿ ಕೆಟ್ಟಿರುತ್ತದೆ, ತಪ್ಪಿದ ಅಕ್ಷರ ಬೇರೆ, ಜಾಗ ಬೇರೆ. ಪ್ರಭುಲಿಂಗ ಅವರಲ್ಲಿ ತಪ್ಪಿದ ಅಕ್ಷರ ರಾಚೋಟಿಯಲ್ಲಿ ತಪ್ಪಿದ್ದೇ ಆಗಿತ್ತು. ಅದರ ಅಕ್ಕಪಕ್ಕದ ಬರಹವೂ ಬಹಳ ದೂರದವರೆಗೆ ಒಂದೇ. “ಇದು ಅಕಸ್ಮಾತ್ ಆಗೂದಲ್ಲ. ನಿಮ್ಮಿಬ್ಬರ ಹಿರ್ಯಾರು ಎಲ್ಲೋ ಒಂದ ಮನಿಯವ್ರು,” ಎಂದರು ಡಾಕ್ಟರು.

ಪ್ರಭುಲಿಂಗ ಮೊದಲು ನಕ್ಕರು. “ಅದಕ್ಕ ನಿಮ್ಮ ರೊಟ್ಟಿ ಬಾಯಿಗೆ ಹತ್ತಿತ್ತು ನೋಡ್ರಿ,” ಎಂದರು ನನ್ನ ಕಡೆ ತಿರುಗಿ. ಆಮೇಲೆ ರಾಚೋಟಿಯನ್ನು ಕೇಳಿದರು.

“ನಿಮಗ ಇದು ಯಾವಾಗ ಗೊತ್ತಾತ್ರಿ?”

“ಸಣ್ಣಂವ ಇದ್ದಾಗಿಂದ ಗೊತ್ತ ಐತ್ರಿ. ನಮ್ಮವ್ವಗ ಗೊತ್ತಿತ್ತು, ಅಕಿ ಅವ್ವಗೂ ಗೊತ್ತಿತ್ತು.”

“ನಮಗ ಯಾರೂ ಹೇಳಲೇ ಇಲ್ರಿ.”

ದೂರುವ ದನಿ ಅದಲ್ಲ. ದಾರಿ ತಪ್ಪಿದವನು ಇಷ್ಟು ದೂರ ಬಂದೆನಲ್ಲ ಎಂದು ಅಚ್ಚರಿಪಡುವ ಹಾಗೆ ಹೇಳಿದರು. ಏನಾದರೂ ಮಾತಾಡಬೇಕೆಂದು ರಾಚೋಟಿ, ತನಗೂ ಗುಳಿಗೆ ಬರೆದಿದ್ದಾರೆ, ಕಂಬ ಬಿಡಬೇಕಾಗುತ್ತದೆಂದು ಒಲ್ಲೆ ಎಂದಿದ್ದೇನೆ ಎಂದ. ಪ್ರಭುಲಿಂಗ ಅವನನ್ನೇ ನೋಡುತ್ತ ಇದ್ದು, “ನಿಮಗ ಒಲ್ಲೆ ಅನ್ನಾಕರ ಒಂದು ಗುಳಿಗಿ ಐತಿ. ನಾನೂ ಹಿಂಗ ಒಲ್ಲೆ ಅನ್ನೂ ಹೊತ್ತಿನ್ಯಾಗ ಬಂದಿದ್ರ ಎಷ್ಟ ಚಲೋ ಇತ್ತು,” ಎಂದರು. ಬುದ್ಧಿ ಹೇಳಲು ಆಡಿದ ಮಾತಲ್ಲ ಅದು, ಆಸೆ. ನಾನು ಬುತ್ತಿಯ ಬಟ್ಟೆ ಮಡಚುತ್ತ ಗೋಡೆಯ ಕಡೆ ತಿರುಗಿ ನಿಂತೆ.

ರಾಚೋಟಿ ಅಂದೇ ಒಪ್ಪಿಬಿಟ್ಟ ಎಂದು ಬರೆದರೆ ಸುಳ್ಳಾಗುತ್ತದೆ. ಊರಿಗೆ ಬಂದವನು ಮತ್ತೆ ಗುಡ್ಡಕ್ಕೆ ಹೋದ. ಹತ್ತಲಿಲ್ಲವಂತೆ, ಕಂಬದ ಬುಡದಲ್ಲಿ ಕೂತು ಬಂದನಂತೆ. ಹಾಗೆ ಹಲವು ದಿನ. ಒಂದು ಬೆಳಿಗ್ಗೆ ಒಲೆಮನೆಗೆ ಬಂದು ತನ್ನ ನಡುಪಟ್ಟಿಯನ್ನು, ಅಂದರೆ ಕಂಬಕ್ಕೆ ಕೊಂಡಿ ಹಾಕುವ ಪಟ್ಟಿಯನ್ನು, ಕಟ್ಟೆಯ ಮೇಲಿಟ್ಟು, “ಇದನ್ನ ಎಲ್ಲೆರ ಇಡು ಅಕ್ಕಾ, ನನ್ನ ಕಣ್ಣಿಗೆ ಬೀಳಬಾರದು,” ಎಂದ. ಗುಳಿಗೆ ಸುರುವಾಯಿತು. ಮೊದಲ ತಿಂಗಳುಗಳು ಬಹಳ ಕಷ್ಟ. ಓಣಿಯ ತುದಿಗೆ ನಡೆದರೆ ಏದುಸಿರು, ತುಟಿ ಬಿಳಿಚಿಕೊಳ್ಳುತ್ತಿತ್ತು, ಎರಡು ಸಲ ಪ್ರಮಾಣ ಇಳಿಸಿದರು, ರಕ್ತ ಹೆಚ್ಚಿಸುವ ಚುಚ್ಚುಮದ್ದು ಕೊಟ್ಟರು. ಸಿಟ್ಟು ಬಂದಾಗ ಯಾರಿಗೆ ಬೈಯಬೇಕೆಂದು ತಿಳಿಯದೆ ರೊಟ್ಟಿಯಂತ್ರಕ್ಕೆ ಬೈಯುತ್ತಿದ್ದ. ಈಗ ಗಂಟುಗಳು ಕುಗ್ಗಿವೆ. ಅವನು ನನ್ನ ಜೊತೆ ಹಿಟ್ಟು ನಾದುತ್ತಾನೆ, ಚೆನ್ನಾಗಿ ನಾದುವುದಿಲ್ಲ. ಸಂಜೆ ಹೊತ್ತು ಗುಡ್ಡದ ಕಡೆ ಬೆನ್ನು ಮಾಡಿಯೇ ಕೂರುತ್ತಾನೆ. ಅವನು ಸಂತೋಷವಾಗಿದ್ದಾನೆ ಎಂದು ನಾನು ಹೇಳಲಾರೆ. ಇದ್ದಾನೆ.

ಪ್ರಭುಲಿಂಗ ಬೇಸಿಗೆಯ ಮೊದಲ ವಾರದಲ್ಲಿ ತೀರಿಕೊಂಡರು. ರಾಚೋಟಿ ಮೇಲುಸಿರು ಬಿಡುತ್ತಲೇ ಇಂಡಿಗೆ ಹೋಗಿ ಮಣ್ಣಿಗೆ ನಿಂತು ಬಂದ. ಬರುವಾಗ ಅವರ ಮಗಳು ಸುಗಂಧಾಳನ್ನು ಕರೆದುಕೊಂಡು ಬಂದ. ಇಪ್ಪತ್ತೆರಡರ ಹುಡುಗಿ, ತಂದೆಯ ಹಾಗೆಯೇ ಮಾತಿನ ಮಲ್ಲಿ. ನಾನೇ ಅವಳನ್ನು ಪರೀಕ್ಷೆಗೆ ಕರೆದೊಯ್ದೆ. ಅವಳಿಗೂ ಇತ್ತು. ಎಡಗಣ್ಣಿನ ಹಿಂಪರದೆಯಲ್ಲಿ ರಕ್ತನಾಳದ ಚಿಕ್ಕ ಗೊಂಚಲು ಆಗಲೇ ಎದ್ದಿತ್ತು, ನೋಟಕ್ಕೆ ಇನ್ನೂ ಏನೂ ಆಗಿರಲಿಲ್ಲ. ಬೆಳಕು ಹಾಯಿಸಿ ಸುಟ್ಟರು. ಕಿಡ್ನಿಗಳು ಸ್ವಚ್ಛವಾಗಿದ್ದವು. ಫಲ ಕೇಳಿ ಹೊರಗೆ ಬಂದವಳು ಬಾಗಿಲ ಬಳಿ ನಿಂತು, “ನಮ್ಮಪ್ಪಗ ಇದ ಮಾತ ಇಪ್ಪತ್ತೆರಡಕ್ಕ ಹೇಳಿದ್ರ ಅಂವ ಇರ್ತಿದ್ದ, ಹೌದಿಲ್ರಿ?” ಎಂದಳು. ಹೌದವ್ವ ಎಂದೆ. ನಿಂತಲ್ಲೇ ಅಪ್ಪಿಕೊಂಡೆ. ಆಮೇಲೆ ನನ್ನನ್ನು ಏನೆಂದು ಕರೆಯಬೇಕು ಎಂದು ಕೇಳಿದಳು. ಇಬ್ಬರೂ ಬೆರಳು ಮಡಚುತ್ತ ತಲೆಮಾರು ಎಣಿಸಿದೆವು. ಅಷ್ಟು ದೂರದ ನೆಂಟಸ್ತಿಕೆಗೆ ಕನ್ನಡದಲ್ಲಿ ಹೆಸರಿಲ್ಲ. ಕೊನೆಗೆ ದೊಡ್ಡವ್ವ ಎಂದಳು. ತಿಂಗಳಿಗೊಮ್ಮೆ ಬರುತ್ತಾಳೆ, ಬರುವಾಗ ಉಪ್ಪಿನಕಾಯಿ ತರುತ್ತಾಳೆ. ಒಪ್ಪಲೇಬೇಕು, ನಮ್ಮದಕ್ಕಿಂತ ಚಲೋ ಇರುತ್ತದೆ.

ಎರಡು ಮನೆಯ ಕಥೆಗಳನ್ನು ನಾವು ಕೂಡಿಸಿ ನೋಡಿದೆವು. ನಮ್ಮಲ್ಲಿ ಬಾಯಿಂದ ಬಾಯಿಗೆ ಬಂದ ಮಾತು ಹೀಗಿದೆ: ನಿಮ್ಮ ತಂದೆ ಕಿಡ್ನಿಯಿಂದ ಸತ್ತರು, ನಿಮಗೆ ಗಂಟು ಕಂಡಿತು, ಕೊಯ್ದು ತೆಗೆದರು, ಪರೀಕ್ಷೆ ಮಾಡಿಸಿದಿರಿ, ಫಲ ಹಿಡಿದುಕೊಂಡು ನಿಮ್ಮ ಅಣ್ಣ ಸಂಗಮೇಶಪ್ಪನವರಲ್ಲಿಗೆ ಹೋದಿರಿ. ಅವರ ಮಗಳ ಮದುವೆ ಗೊತ್ತಾಗಿತ್ತು. “ಈ ಮಾತು ಹೊರಗ ಬಿದ್ರ ನನ್ನ ಮಗಳನ್ನ ಯಾರು ಮಾಡ್ಕೊಂತಾರ?” ಎಂದರಂತೆ. ನೀವು ತಿರುಗಿ ಬಂದಿರಿ. ಅವರು ವಿಜಯಪುರದ ಕಡೆ ಮನೆ ಮಾಡಿದರು. ಮತ್ತೆ ಮಾತಿಲ್ಲ. ಸುಗಂಧಾಳ ಮನೆಯಲ್ಲಿ ಉಳಿದಿದ್ದುದು ಇನ್ನೂ ಕಡಿಮೆ: ಗದಗಿನ ಕಡೆ ನಮಗೆ ಯಾರೋ ಇದ್ದರು, ಅವರ ಜೊತೆ ಬಳಕೆ ಇಲ್ಲ, ಅಷ್ಟೇ. ಸಂಗಮೇಶಪ್ಪನವರ ಆ ಮಗಳಿಂದಲೇ ಇವರ ಮನೆತನ ಬಂದಿರಬೇಕೆಂದು ನಮ್ಮ ಲೆಕ್ಕ. ನಡುವೆ ಎಷ್ಟು ಜನ ಬೆನ್ನುನೋವೆಂದು ಎಣ್ಣೆ ತಿಕ್ಕಿಸಿಕೊಂಡು ಹೋದರೋ ಲೆಕ್ಕ ಇಟ್ಟವರಿಲ್ಲ.

ನಾನು ನಿಮ್ಮನ್ನು ದೂರುತ್ತಿಲ್ಲ. ನಿಮ್ಮ ಮಗಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದಿರಿ, ಅದರಿಂದಲೇ ನಮ್ಮ ಅವ್ವ ಎಂಬತ್ತು ದಾಟಿದಳು, ರಾಚೋಟಿ ಈ ಹೊತ್ತು ನನ್ನ ಬೆನ್ನ ಹಿಂದೆ ಕೂತು ಬೇಗ ಮುಗಿಸು ಎಂದು ಗೊಣಗುತ್ತಿದ್ದಾನೆ. ನಿಮ್ಮ ಮೈಯಲ್ಲಿ ಹೊಲಿಗೆ ಹಸಿಯಾಗಿತ್ತು, ಮನಸ್ಸೂ ಹಾಗೇ ಇದ್ದಿರಬೇಕು. ಅಣ್ಣ ಹೊಸ್ತಿಲಲ್ಲಿ ನಿಂತು ಹಾಗೆ ಅಂದ ಮೇಲೆ ಮತ್ತೆ ಆ ಬಾಗಿಲಿಗೆ ಹೋಗುವುದು ಸಣ್ಣ ಮಾತಲ್ಲ. ಅವರೂ ಕೆಟ್ಟವರಲ್ಲ. ಮಗಳ ಮದುವೆ ಎದುರಿಗಿಟ್ಟುಕೊಂಡ ತಂದೆ, ಹೆದರಿದ್ದರು.

ಆದರೂ ಒಂದು ಕೇಳುತ್ತೇನೆ. ಕಾಗದ ಮುಟ್ಟುವುದಿಲ್ಲವೆಂದು ಗೊತ್ತಿದ್ದೇ ಕೇಳುತ್ತೇನೆ, ಏಕೆಂದರೆ ಸುಗಂಧಾ ಇಂದು ಊಟಕ್ಕೆ ಬಂದಿದ್ದಾಳೆ, ಇದನ್ನು ಅವಳ ಮುಂದೆ ಓದಬೇಕು. ಇನ್ನೊಮ್ಮೆ ಹೋಗಿ. ಅಣ್ಣ ಒಳಗೆ ಬಿಡದಿದ್ದರೆ ಜಗಳಕ್ಕೆ ನಿಲ್ಲಬೇಡಿ, ಅತ್ತಿಗೆಗೂ ಹೇಳಬೇಕಿಲ್ಲ. ಮದುಮಗಳಾಗಲಿರುವ ಆ ಹುಡುಗಿಗೆ ಹೇಳಿ. ಅವಳ ಮದುವೆಯ ಬಗ್ಗೆ ಅಂದು ಎಲ್ಲರೂ ಮಾತಾಡಿದರು, ಅವಳನ್ನು ಯಾರೂ ಕೇಳಲಿಲ್ಲ. ಮೈ ಅವಳದು. ಪರೀಕ್ಷೆ ಮಾಡಿಸುವುದು, ಬಿಡುವುದು, ಯಾರಿಗೆ ಹೇಳುವುದು, ಅದನ್ನೆಲ್ಲ ಅವಳು ನೋಡಿಕೊಳ್ಳುತ್ತಾಳೆ. ತಿಳಿದಿದ್ದರೆ ತಾನೇ ನೋಡಿಕೊಳ್ಳುವುದು.

ಆ ಹುಡುಗಿಯ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ. ಸುಗಂಧಾಳ ಮನೆಯವರಿಗೂ ನೆನಪಿಲ್ಲ. ನಿಮಗೆ ಗೊತ್ತಿದೆ. ನೀವು ಅತ್ತೆ, ಅಂಗಳದಲ್ಲಿ ನಿಂತು ಹೆಸರು ಹಿಡಿದು ಕೂಗಿ. ಹೊರಗೆ ಬರುತ್ತಾಳೆ.

ನಿಮ್ಮ
ಮಹಾನಂದಾ